ನಕ್ಷತ್ರ ಎಣಿಸಬೇಡಿ, ನಡೆದದ್ದನ್ನು ಬರೆಯಿರಿ

ಮದ್ದೂರಿನ ಓದುಗರೊಬ್ಬರ ಪತ್ರ: "ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ ಕಡತ) ಮಾಡಿ, ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟೆಕ್ಸ್ಟ್::ಸಿಎಸ್‌ವಿ ಮಾಡ್ಯೂಲ್‌ನಿಂದ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂನಿಂದ, ಓದಿಸಿದೆ. ಅರ್ಧ ಪಟ್ಟಿ ಬಂದು ನಿಂತುಹೋಯಿತು, ತಪ್ಪೇನೆಂದು ಹೇಳಲೂ ಇಲ್ಲ. ಬಳಕೆದಾರರ ಅಭಿಪ್ರಾಯ ನೋಡಿದರೆ ಒಬ್ಬರು 'ಅದ್ಭುತ' ಅಂತಾರೆ, ಇನ್ನೊಬ್ಬರು 'ದಂಡ' ಅಂತಾರೆ. ಇದರಿಂದ ಯಾರಿಗೆ ಏನು ಲಾಭ? ಪರೀಕ್ಷೆಯ ಫಲಿತಾಂಶ, ಮೆಚ್ಚುಗೆಯ ಎಣಿಕೆ ನೋಡಿ ಆರಿಸಿಕೊಂಡರೆ ಸಾಲದೇ? ಅಷ್ಟಕ್ಕೂ ಮದ್ದೂರಿನಲ್ಲಿ ಕೂತವನ ಮಾತು ಕೇಳುವವರು ಯಾರು?"

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ಎಣಿಕೆಗೂ ಬೆಲೆಯಿದೆ, ಒಪ್ಪೋಣ. 1995ರಲ್ಲಿ ಶುರುವಾದ, ಪರ್ಲ್ ಮಾಡ್ಯೂಲ್‌ಗಳ ಸಿಪ್ಯಾನ್ ಭಂಡಾರದಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ಮಾಡ್ಯೂಲ್‌ಗಳಿವೆ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವ ಬದಲು ಹತ್ತು ಜನ ಮೆಚ್ಚಿದ್ದನ್ನು ಮೊದಲು ನೋಡುವುದು ಸರಿಯೇ. ಆದರೆ ಅಷ್ಟಕ್ಕೇ ನಿಂತರೆ ನಿಮಗಾದದ್ದೇ ಎಲ್ಲರಿಗೂ ಆಗುತ್ತದೆ.

ಮೊದಲು ನಿಮ್ಮ ಪಟ್ಟಿಯ ಸಂಗತಿ. ಎಕ್ಸೆಲ್‌ನಲ್ಲಿ ಯಾರೋ ವಿಳಾಸದ ಕೋಶದೊಳಗೆ ಆಲ್ಟ್-ಎಂಟರ್ ಒತ್ತಿ ಎರಡು ಸಾಲು ಮಾಡಿರುತ್ತಾರೆ. ಸಿಎಸ್‌ವಿಯಲ್ಲಿ ಅದು ಉದ್ಧರಣ ಚಿಹ್ನೆಯ ಒಳಗೆ ಬಂದ ಹೊಸ ಸಾಲು. 'ಬೈನರಿ' ಎಂಬ ಆಯ್ಕೆಗೆ 1 ಕೊಡದಿದ್ದರೆ ಮಾಡ್ಯೂಲ್ ಅದನ್ನು ಒಪ್ಪುವುದಿಲ್ಲ, 2021ನೇ ದೋಷ ಎಂದು ಗುರುತು ಹಾಕಿಕೊಂಡು ನಿಲ್ಲುತ್ತದೆ. 'ಆಟೋ_ಡಯಾಗ್' ಆಯ್ಕೆಗೂ 1 ಕೊಟ್ಟಿರದಿದ್ದರೆ ಆ ದೋಷ ಪರದೆಗೆ ಬರುವುದಿಲ್ಲ. ಸಾಲು ಸಾಲಾಗಿ ಓದುತ್ತಿದ್ದ ಲೂಪ್ ಕಡತ ಮುಗಿಯಿತೆಂದುಕೊಂಡು ಸುಮ್ಮನೆ ಹೊರಬರುತ್ತದೆ. ಆದ್ದರಿಂದ ಎರಡನ್ನೂ ಹಾಕಿ. ಕಡತವನ್ನು ಯುಟಿಎಫ್-8 (ಕನ್ನಡದ ಅಕ್ಷರಗಳನ್ನೂ ಬರೆದಿಡುವ ಸಂಕೇತಕ್ರಮ) ಎಂದು ಹೇಳಿಯೇ ತೆರೆಯಿರಿ. ಎಕ್ಸೆಲ್‌ನ 'ಸಿಎಸ್‌ವಿ ಯುಟಿಎಫ್-8' ಕಡತದ ತಲೆಯಲ್ಲಿ ಬಿಒಎಂ ಎಂಬ ಕಾಣದ ಗುರುತೊಂದು ಕೂತಿರುತ್ತದೆ. ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, ಹೆಸರು ಸರಿಯಿದ್ದರೂ ಮಾಹಿತಿ ಸಿಗದಂತೆ ಮಾಡುತ್ತದೆ. ತಲೆಸಾಲನ್ನು ಮಾಡ್ಯೂಲ್‌ನ 'ಹೆಡರ್' ವಿಧಾನದಿಂದಲೇ ಓದಿಸಿದರೆ ಆ ಕಾಟವೂ ಇಲ್ಲ. ನಿಧಾನ ಅನ್ನಿಸಿದರೆ 'ಬ್ಯಾಕೆಂಡ್' ಯಾವುದೆಂದು ಮುದ್ರಿಸಿ ನೋಡಿ. ಟೆಕ್ಸ್ಟ್::ಸಿಎಸ್‌ವಿ ಬರೀ ಮುಂಬಾಗಿಲು. ಸಿ ಭಾಷೆಯಲ್ಲಿ ಬರೆದ ಟೆಕ್ಸ್ಟ್::ಸಿಎಸ್‌ವಿ_ಎಕ್ಸ್‌ಎಸ್ ಯಂತ್ರದಲ್ಲಿದ್ದರೆ ಅದನ್ನು ಬಳಸುತ್ತದೆ, ಇಲ್ಲವಾದರೆ ಶುದ್ಧ ಪರ್ಲ್‌ನಲ್ಲೇ ಬರೆದ ಟೆಕ್ಸ್ಟ್::ಸಿಎಸ್‌ವಿ_ಪಿಪಿಯಿಂದ ಕೆಲಸ ಸಾಗಿಸುತ್ತದೆ. ಎಕ್ಸ್‌ಎಸ್ ಅನ್ನು ನೀವೇ ಕಟ್ಟಿಕೊಳ್ಳುವುದಾದರೆ ಉಬುಂಟು ಲಿನಕ್ಸ್‌ನಲ್ಲಿ ಬಿಲ್ಡ್-ಎಸೆನ್ಷಿಯಲ್ (ಸಿ ಕಂಪೈಲರ್ ಮೊದಲಾದ ಸಲಕರಣೆಗಳ ಕಟ್ಟು) ಮೊದಲೇ ಇರಬೇಕು.

ಈಗ ನೋಡಿ. 'ಅದ್ಭುತ' ಎಂದವರೂ 'ದಂಡ' ಎಂದವರೂ ಇದರಲ್ಲಿ ಒಂದಕ್ಷರ ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋದರು. "ವಿಳಾಸದಲ್ಲಿ ಹೊಸ ಸಾಲಿತ್ತು, ಅರ್ಧಕ್ಕೆ ನಿಂತಿತು, ಬೈನರಿ ಹಾಕಿದ ಮೇಲೆ ಪೂರ್ತಿ ಬಂತು" ಎಂದು ಒಬ್ಬರು ಬರೆದಿದ್ದರೂ ನಿಮ್ಮ ಸಂಜೆ ಉಳಿಯುತ್ತಿತ್ತು. ಅಭಿಪ್ರಾಯ ಅಂದರೆ ನನಗೆ ಅದು.

ಮೆಚ್ಚುಗೆಯ ನಕ್ಷತ್ರಕ್ಕೆ ಇನ್ನೊಂದು ದೋಷವಿದೆ: ಅದಕ್ಕೆ ವಯಸ್ಸಾದದ್ದು ಕಾಣುವುದಿಲ್ಲ. 2017ರ ಪರ್ಲ್ 5.26ರಲ್ಲಿ, ಮಾಡ್ಯೂಲ್ ಹುಡುಕುವ ದಾರಿಗಳ ಪಟ್ಟಿಯಿಂದ ಈಗಿರುವ ಡೈರೆಕ್ಟರಿಯನ್ನು ಭದ್ರತೆಗಾಗಿ ತೆಗೆದರು. ತಮ್ಮ ಜೊತೆಗೇ ತಂದ ಕಡತಗಳನ್ನು ಆ ದಾರಿಯಿಂದ ಹುಡುಕುತ್ತಿದ್ದ ಎಷ್ಟೋ ಹಳೆಯ ಮಾಡ್ಯೂಲ್‌ಗಳು ಇನ್‌ಸ್ಟಾಲ್ ಆಗುವುದೇ ನಿಂತಿತು. ಅವುಗಳ ಮೇಲೆ ಜನ ಹಿಂದೆ ಇಟ್ಟ ಮೆಚ್ಚುಗೆ ಮಾತ್ರ ಹಾಗೇ ಇರುತ್ತದೆ.

ಪರೀಕ್ಷಾ ಫಲಿತಾಂಶದ ಮಾತೆತ್ತಿದಿರಿ. ಸಿಪ್ಯಾನ್ ಟೆಸ್ಟರ್ಸ್ ಬಳಗದ ಸ್ವಯಂಸೇವಕರು ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪರ್ಲ್ ಆವೃತ್ತಿಗಳಲ್ಲಿ ಓಡಿಸಿ 'ಪಾಸ್', 'ಫೇಲ್' ಎಂದು ವರದಿ ಕಳಿಸುತ್ತಾರೆ. ದೊಡ್ಡ ಸೇವೆ ಅದು. ಆದರೆ 'ಪಾಸ್' ಎಂದರೆ ಲೇಖಕರು ಯೋಚಿಸಿ ಬರೆದಿಟ್ಟ ಪರೀಕ್ಷೆಗಳು ಪಾಸಾದವು ಎಂದಷ್ಟೇ. ಕನ್ನಡದ ಕಡತ ಅವರ ಯೋಚನೆಗೇ ಬಂದಿರಲಿಕ್ಕಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪರ್ಲ್‌ನ ಮಾಮೂಲಿ 'ಸಾರ್ಟ್'ಗೆ (ವಿಂಗಡಿಸುವ ಆಜ್ಞೆಗೆ) ಮಳವಳ್ಳಿ, ಮಹದೇವಪುರ ಎರಡನ್ನೂ ಕೊಡಿ. ಮಳವಳ್ಳಿ ಮೊದಲು ಬರುತ್ತದೆ. ಆದರೆ ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ ಳ, ಮಹದೇವಪುರವೇ ಮೊದಲು ಬರಬೇಕು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಳ ಕೂತಿರುವುದು 0ಸಿಬಿ3ರಲ್ಲಿ, ಹ 0ಸಿಬಿ9ರಲ್ಲಿ. ಸಾರ್ಟ್ ನೋಡುವುದು ಆ ಸಂಖ್ಯೆಯನ್ನೇ. ಇದಕ್ಕೆ ಮದ್ದು ಯೂನಿಕೋಡ್::ಕೊಲೇಟ್::ಲೊಕೇಲ್ ಎಂಬ ಮಾಡ್ಯೂಲ್. ಕನ್ನಡದ ಗುರುತಾದ 'ಕೆಎನ್' ಎಂದು ಲೊಕೇಲ್ (ಯಾವ ಭಾಷೆಯ ಕ್ರಮ ಎಂಬುದು) ಕೊಟ್ಟು ಅದರ ಸಾರ್ಟ್‌ನಿಂದಲೇ ವಿಂಗಡಿಸಬೇಕು. ಬರೆದವರು ಜಪಾನಿನ ಸದಾಹಿರೊ ತೊಮೊಯುಕಿ. ನಮ್ಮ ಅಕ್ಷರದ ಕ್ರಮಕ್ಕೂ ಅವರು ಜಾಗ ಮಾಡಿಟ್ಟಿದ್ದಾರೆ. ಅದರಲ್ಲಿ ಎಲ್ಲಾದರೂ ಒಂದು ಒತ್ತಕ್ಷರ, ಒಂದು ಅನುಸ್ವಾರ ಹೆಚ್ಚುಕಡಿಮೆಯಾದರೆ ಅವರಿಗೆ ಹೇಳಬೇಕಾದವರು ಯಾರು? ಮದ್ದೂರಿನಲ್ಲಿ ಕೂತ ನೀವು. ಬೇರೆ ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣುವುದೇ ಇಲ್ಲ.

ನನ್ನ ಸಂಕಟ ಇಷ್ಟಕ್ಕೇ ಮುಗಿಯುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಮೈಸೂರು ಮಂಡ್ಯದ ಎಷ್ಟೋ ಕಚೇರಿಗಳ ಕಥೆ ಹಾಗೇ ಆಗಿದೆ. ಬಿಟ್ಟಿ ಸಿಕ್ಕ ಮಾಡ್ಯೂಲ್ ಮೇಲೆ ವರ್ಷಗಟ್ಟಲೆ ಲೆಕ್ಕಪತ್ರ ನಡೆಸುತ್ತಾರೆ, ಕೆಟ್ಟ ದಿನ ಲೇಖಕರನ್ನು ಬೈಯುತ್ತಾರೆ. ದೋಷದ ವರದಿ ಬರೆಯಲು ಹುಡುಗನೊಬ್ಬನಿಗೆ ಅರ್ಧ ಗಂಟೆ ಬಿಡುವು ಕೊಡಿ ಎಂದರೆ "ಅದರಿಂದ ನಮಗೇನು?" ಎನ್ನುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅಂಕವುಂಟು, ಇರುವ ಮಾಡ್ಯೂಲ್ ಒಂದರ ದೋಷವನ್ನು ನೆಟ್ಟಗೆ ವಿವರಿಸಿದವನಿಗಿಲ್ಲ. ಇಂಗ್ಲಿಷ್ ಬರುವುದಿಲ್ಲವೆಂಬ ಅಳುಕು ಬೇರೆ. ಹತ್ತು ಸಾಲಿನ ಪ್ರೋಗ್ರಾಂ, ಮೂರು ಸಾಲಿನ ಕನ್ನಡ ಮಾಹಿತಿ, ಬಂದದ್ದು ಏನು, ಬರಬೇಕಿದ್ದದ್ದು ಏನು: ಇವಿಷ್ಟನ್ನು ಇಟ್ಟರೆ ವ್ಯಾಕರಣ ಯಾರೂ ನೋಡುವುದಿಲ್ಲ.

ಹಾಗಾಗಿ ನಿಮ್ಮ ಪಟ್ಟಿ ಸರಿಹೋದ ಮೇಲೆ ಇನ್ನೊಂದು ಪತ್ರ ಬರೆಯಿರಿ. 'ಪರ್ಲ್ -ವಿ' ಕೊಟ್ಟಾಗ ಬರುವ ಆವೃತ್ತಿ, ಮಾಡ್ಯೂಲ್‌ನ ಆವೃತ್ತಿ, ಲಿನಕ್ಸೋ ವಿಂಡೋಸೋ, ಇವು ಮೊದಲ ಸಾಲಿನಲ್ಲೇ ಇರಲಿ. ಎಡವಿದ ಸಾಲನ್ನು ಇದ್ದ ಹಾಗೇ ಕಳಿಸಿ, ಆದರೆ ಸದಸ್ಯರ ಹೆಸರು, ಫೋನ್, ಆಧಾರ್ ಸಂಖ್ಯೆ ತೆಗೆದು ಸುಳ್ಳು ಹೆಸರು ತುಂಬಿ. ತುಂಬಿದ ಮೇಲೂ ತೊಂದರೆ ಹಾಗೇ ಬರುತ್ತದೆಯೇ ಎಂದು ಇನ್ನೊಮ್ಮೆ ಓಡಿಸಿ ನೋಡಿ. ಒಂದು ಪ್ರತಿ ಮಾಡ್ಯೂಲ್ ನೋಡಿಕೊಳ್ಳುವವರಿಗೆ, ಇನ್ನೊಂದು ನಮಗೆ. ನಮಗೆ ಬಂದದ್ದನ್ನು ಪೂರ್ತಿ ಅಚ್ಚು ಹಾಕುತ್ತೇವೆ.