ಊರು ಚೆನ್ನಾಗಿದ್ದರೆ ಅಲ್ಲಿನ ಆರ್ಥಿಕತೆ ಬೆಳೆಯುತ್ತದೆ ಅನ್ನುತ್ತಾರಲ್ಲ, ಅದು ಹೇಗೆ?

ಬಾಳಲು ಹಿತವಾದ ಊರು ಕಲಿತವರನ್ನು ಉಳಿಸಿಕೊಳ್ಳುತ್ತದೆ, ಹೊರಗಿನವರನ್ನೂ ಸೆಳೆಯುತ್ತದೆ. ಕಸುಬು, ಬಂಡವಾಳ ಅವರ ಬೆನ್ನಿಗೇ ಬರುತ್ತವೆ. ಬರೀ ಹಸಿರು ಸಾಲದು. ಒಳ್ಳೆಯ ಶಾಲೆ, ಆಸ್ಪತ್ರೆ, ಮಳೆಗಾಲದಲ್ಲೂ ಕೈಕೊಡದ ಕರೆಂಟು, ಸಂಜೆ ನಾಲ್ಕು ಜನ ಸೇರುವ ಜಾಗ ಬೇಕು.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಬಳಿಯ ಹೆಗ್ಗೋಡನ್ನೇ ನೋಡಿ. ನೀನಾಸಂ ಎಂಬ ನಾಟಕ ಸಂಸ್ಥೆ ಅಲ್ಲಿ ಹುಟ್ಟಿದ್ದು 1949ರಲ್ಲಿ. ಆ ಪುಟ್ಟ ಹಳ್ಳಿಗೆ ನಾಟಕ ಕಲಿಯುವವರು, ನೋಡುವವರು ನಾಡಿನ ಮೂಲೆಮೂಲೆಯಿಂದ ಬರುತ್ತಾರೆ. ರಂಗಕರ್ಮಿ ಪ್ರಸನ್ನ ಆ ಸುತ್ತಿನಲ್ಲೇ ನೆಲೆನಿಂತರು. ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳಾ ಕೈಮಗ್ಗ ಸಹಕಾರ ಸಂಘ ಎದ್ದುನಿಂತಿತು. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯ ತಳದಲ್ಲಿ ಉಳಿಯುವ ಕೆಂಪು ಚೊಗರು ಅಲ್ಲಿ ನೂಲಿನ ಬಣ್ಣ. ತೋಟದ ಮನೆಯ ಉಳಿಕೆಯೇ ಕಚ್ಚಾವಸ್ತು! ಇಂಥದ್ದನ್ನು ಕಾಣುವ ಕಣ್ಣು ಊರಲ್ಲಿ ನೆಲೆಸಿದವರಿಗೆ ಇರುತ್ತದೆ.

ಜೋಗದಲ್ಲಿ ಲೆಕ್ಕ ಬೇರೆ. 253 ಮೀಟರ್ ಧುಮುಕುವ ಶರಾವತಿಯ ನೀರನ್ನು ವಿದ್ಯುತ್ತಿಗಾಗಿ ಲಿಂಗನಮಕ್ಕಿಯಲ್ಲಿ ತಡೆದಿರುವುದರಿಂದ ಬೇಸಿಗೆಯಲ್ಲಿ ಜಲಪಾತ ಸೊರಗುತ್ತದೆ. ಬಂದವರು ಎರಡು ತಾಸು ನೋಡಿ ಹೊರಟರೆ ಊರಿಗೆ ದಕ್ಕುವುದು ಚಹಾ, ಪಾರ್ಕಿಂಗ್ ಕಾಸು. ಒಂದು ರಾತ್ರಿ ತಂಗಿದರೆ ಅದೇ ದುಡ್ಡು ಹೋಂಸ್ಟೇಯಿಂದ ಹಾಲಿನವರಿಗೆ, ತರಕಾರಿಯವರಿಗೆ, ಆಟೋದವರಿಗೆ ದಾಟುತ್ತದೆ.

ಎಡವುವುದು ಇಲ್ಲೇ: ತಂಗುವವರಿಗೆಂದು ಗುಡ್ಡ ಬಗೆದು ರೆಸಾರ್ಟ್ ಕಟ್ಟಿದರೆ ಧರೆ ಜರಿಯುತ್ತದೆ, ಮಣ್ಣು ಕೆಳಗಿನ ಗದ್ದೆಗೆ ಬರುತ್ತದೆ. 2023ರಲ್ಲಿ ತೆರೆದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಜನರನ್ನು ಕರೆತರಬಲ್ಲದು. ಅವರನ್ನು ಉಳಿಸಿಕೊಳ್ಳುವ ಕೆಲಸ ಊರಿನದು.