ಹೃದಯ ಕಸಿಯಾದ ಮೇಲೆ ಬಯಾಪ್ಸಿಯಲ್ಲಿ ‘1ಆರ್’ ಬಂದರೆ ಹೆದರಬೇಕೇ?

ಅಣ್ಣನಿಗೆ ಹೃದಯ ಕಸಿಯಾಗಿ ಮೂರು ತಿಂಗಳಾಯಿತು, ಆರಾಮಾಗಿ ಓಡಾಡುತ್ತಿದ್ದಾನೆ, ಆದರೂ ರಿಪೋರ್ಟಿನಲ್ಲಿ ‘ರಿಜೆಕ್ಷನ್ ಗ್ರೇಡ್ 1ಆರ್’ ಎಂದಿದೆ, ಹೊಸ ಹೃದಯವೂ ಕೈಕೊಟ್ಟಿತೇ ಎಂದು ಕೇಳಿದ್ದೀರಿ. ಇಲ್ಲ, ಕೈಕೊಟ್ಟಿಲ್ಲ. ರಿಜೆಕ್ಷನ್ ಎಂದರೆ ದೇಹದ ರೋಗನಿರೋಧಕ ಶಕ್ತಿ ಕಸಿಯಾದ ಹೃದಯವನ್ನು ಪರಕೀಯವೆಂದು ಎಣಿಸಿ ದಾಳಿ ಮಾಡುವುದು; 1ಆರ್ ಅದರ ಸೌಮ್ಯ ಹಂತ. ನಾನು ಪೆಥಾಲಜಿಸ್ಟ್, ಇಂಥ ಸ್ಲೈಡುಗಳನ್ನು ಓದುವುದೇ ನನ್ನ ಕೆಲಸ.

ಮೊದಲಿಗೆ, ಆ ‘ಆರ್’ ರಿಜೆಕ್ಷನ್ನಿನ ಆರ್ ಅಲ್ಲ, ‘ರಿವೈಸ್ಡ್’ ಎಂಬುದರ ಆರ್. 1990ರ ಹಳೆಯ ಶ್ರೇಣಿಯನ್ನು 2004ರಲ್ಲಿ ಪರಿಷ್ಕರಿಸಿದಾಗ ಸೇರಿಕೊಂಡ ಅಕ್ಷರ ಅದು. ಹಳೆಯ 1ಎ, 1ಬಿ, 2 ಮೂರೂ ಈಗ 1ಆರ್ ಒಳಗಿವೆ. ಹಳೆಯ 3ಎ ಈಗ 2ಆರ್.

ಬಯಾಪ್ಸಿಯಲ್ಲಿ ಕುತ್ತಿಗೆಯ ರಕ್ತನಾಳದಿಂದ ಸಣ್ಣ ಚಿಮುಟ ಇಳಿಸಿ, ಬಲ ಹೃತ್ಕುಕ್ಷಿಯಿಂದ ಚೂರುಗಳನ್ನು ಕೀಳುತ್ತಾರೆ. ರಿಜೆಕ್ಷನ್ ಅಲ್ಲೊಂದು ಇಲ್ಲೊಂದು ಕಡೆ ಇರುವುದರಿಂದ ಕನಿಷ್ಠ ಮೂರು ಚೂರಾದರೂ ಬೇಕು. ನಾವು ಹುಡುಕುವುದು ಎರಡನ್ನು: ಸ್ನಾಯುಕೋಶಗಳ ನಡುವೆ ಲಿಂಫೋಸೈಟ್‌ಗಳು (ದಾಳಿ ಮಾಡುವ ಬಿಳಿ ರಕ್ತಕಣಗಳು) ನುಗ್ಗಿವೆಯೇ, ನುಗ್ಗಿದ ಕಡೆ ಸ್ನಾಯುಕೋಶ ಹಾಳಾಗಿದೆಯೇ. ಅವು ನುಗ್ಗಿದ್ದರೂ ಹಾನಿ ಇಲ್ಲದಿದ್ದರೆ ಅಥವಾ ಒಂದೇ ಜಾಗದಲ್ಲಿದ್ದರೆ 1ಆರ್. ಎರಡು ಅಥವಾ ಹೆಚ್ಚು ಜಾಗದಲ್ಲಿದ್ದರೆ 2ಆರ್. ಎಲ್ಲೆಡೆ ಹರಡಿದ್ದರೆ 3ಆರ್. ಒಳಪೊರೆಯಡಿ ಲಿಂಫೋಸೈಟ್‌ಗಳು ಗುಂಪುಗೂಡುವ ‘ಕ್ವಿಲ್ಟಿ’ ಎಂಬುದೊಂದಿದೆ. ರಿಜೆಕ್ಷನ್ನಿನಂತೆಯೇ ಕಾಣುತ್ತದೆ, ಆದರೆ ಅಲ್ಲ. ಅದು ಎದುರಾದಾಗಲೆಲ್ಲ ನಾನು ಇನ್ನಷ್ಟು ಸೀಳುಗಳನ್ನು ಕತ್ತರಿಸಿ ನೋಡದೆ ಸಹಿ ಹಾಕುವುದಿಲ್ಲ.

ಅಣ್ಣನಿಗೆ ಏನೂ ಅನ್ನಿಸದಿರುವುದು ಸಹಜ. ಆರಂಭದ ರಿಜೆಕ್ಷನ್ ಸಾಮಾನ್ಯವಾಗಿ ಸದ್ದಿಲ್ಲದೆ ಬರುತ್ತದೆ. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನ ಫಿಲಿಪ್ ಕೇವ್ಸ್ ಈ ಬಯಾಪ್ಸಿಯನ್ನು ರೂಢಿಗೆ ತರುವ ಮುನ್ನ ವೈದ್ಯರು ಇಸಿಜಿಯ ಗೆರೆ ಕುಗ್ಗುವುದನ್ನು ಕಾಯಬೇಕಿತ್ತು. ಅಷ್ಟರಲ್ಲಿ ಬಹಳ ತಡವಾಗಿರುತ್ತಿತ್ತು.

ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ 1ಆರ್‌ಗೆ ಸಾಮಾನ್ಯವಾಗಿ ಹೆಚ್ಚುವರಿ ಚಿಕಿತ್ಸೆ ಕೊಡುವುದಿಲ್ಲ. ರಿಜೆಕ್ಷನ್ ತಡೆಯುವ ಔಷಧಿಯಾದ ಟ್ಯಾಕ್ರೋಲಿಮಸ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುತ್ತಾರೆ. ಗುಳಿಗೆಯ ಹೊತ್ತು ತಪ್ಪಲೇಬಾರದು. ಚಕ್ಕೋತ ಹಣ್ಣು ಮನೆಗೇ ತರಬೇಡಿ, ದೇವನಹಳ್ಳಿಯದ್ದಾದರೂ ಸರಿ; ಅದು ಈ ಔಷಧಿಯ ಮಟ್ಟವನ್ನು ಏರಿಸಬಹುದು. 2ಆರ್ ಅಥವಾ ಮೇಲೆ ಬಂದರೆ ಸಾಮಾನ್ಯವಾಗಿ ಮೂರು ದಿನ ರಕ್ತನಾಳದ ಮೂಲಕ ಹೆಚ್ಚಿನ ಡೋಸಿನ ಸ್ಟೀರಾಯ್ಡ್ ಕೊಡುತ್ತಾರೆ.

ಇನ್ನೊಂದು ಮಾತು. ಪ್ರತಿಕಾಯಗಳಿಂದ ಆಗುವ ರಿಜೆಕ್ಷನ್ನಿಗೆ ಬೇರೆಯೇ ಗ್ರೇಡ್ ಇದೆ, 1ಆರ್ ಅದರ ಬಗ್ಗೆ ಏನೂ ಹೇಳುವುದಿಲ್ಲ. ಆ ರಿಜೆಕ್ಷನ್ನಿನ ಗುರುತು ಹುಡುಕಲು ಚೂರಿಗೆ ಹಾಕುವ ಬಣ್ಣ ಸಿ4ಡಿ; ಹೃದಯ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್ ಎಕೋ. ಆದ್ದರಿಂದ ಮುಂದಿನ ಭೇಟಿಯಲ್ಲಿ ‘ಸಿ4ಡಿ ಬಣ್ಣ ಹಾಕಿ ನೋಡಿದ್ದೀರಾ, ಎಕೋ ಹೇಗಿದೆ?’ ಎಂದು ವೈದ್ಯರನ್ನು ಕೇಳಿ.