ಕಿರುಚಾಟ ಅನ್ನಿಸಿದರೆ ಮೊದಲು ಆ ಸಣ್ಣ ರಾಗ ಹಿಡಿಯಿರಿ

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್ ಅವರ 'ಸ್ಪಿರಿಚುಯಲ್ ಯೂನಿಟಿ' ಆಲ್ಬಂ ಬರೀ ಕಿರುಚಾಟದ ಹಾಗಿದೆ, ಜನ ಇದರಲ್ಲಿ ಏನು ಕಂಡರು ಅಂತ ಕೇಳಿದ್ದೀರಿ. ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಆಮೇಲೆ ಅದರಲ್ಲಿರುವ 'ಘೋಸ್ಟ್ಸ್' ಅನ್ನುವ ರಚನೆಯ ಶುರುವನ್ನಷ್ಟೇ ನಾಲ್ಕೈದು ಸಲ ಕೇಳಿದೆ. ಅದು ಮಕ್ಕಳೂ ಗುನುಗಬಹುದಾದ ರಾಗ. ಐಲರ್ ಅದನ್ನೇ ಹಿಗ್ಗಿಸಿ, ನಡುಗಿಸಿ, ಸ್ವರವೇ ಒಡೆದು ಅಳುವಿನ ಹಾಗೆ ಆಗುವವರೆಗೆ ಸ್ಯಾಕ್ಸೋಫೋನ್ ಊದುತ್ತಾರೆ, ಕೊನೆಗೆ ಮತ್ತೆ ಅದೇ ರಾಗಕ್ಕೆ ವಾಪಸ್ ಬರುತ್ತಾರೆ.

ನಮ್ಮ ಬಳ್ಳಾರಿ ಕಡೆ ಬಯಲಾಟದಲ್ಲಿ ಊದುವ ಮುಖವೀಣೆ ಕೇಳಿದ್ದೀರಲ್ಲ? ಆ ಸೀಳು ದನಿ ಇಂಪಾಗಿದೆಯಾ ಅಂತ ಯಾರೂ ನೋಡುವುದಿಲ್ಲ, ಆದರೆ ಎದೆಗೆ ನಾಟುತ್ತದೆ ಅಲ್ವಾ. ನನಗೆ ಇದೂ ಹಾಗೇ.

ಈ ಆಲ್ಬಂ 1964ರ ಜುಲೈ 10ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆದದ್ದು. ಮೂರೇ ಜನ. ಐಲರ್ ಜೊತೆ ಬಾಸ್ (ಮಂದ್ರ ದನಿಯ ದೊಡ್ಡ ತಂತಿವಾದ್ಯ) ಗ್ಯಾರಿ ಪೀಕಾಕ್, ಡ್ರಮ್ಸ್ ಸನ್ನಿ ಮರ್ರೆ. ಮರ್ರೆ ತಾಳ ಎಣಿಸುವುದೇ ಇಲ್ಲ, ಡ್ರಮ್ಸ್‌ನ ಲೋಹದ ತಟ್ಟೆ ಸಿಂಬಲ್‌ನ ಸದ್ದು, ತಗಡಿನ ಮೇಲೆ ಮಳೆ ಬಿದ್ದ ಹಾಗೆ ಸುರಿಯುತ್ತಲೇ ಇರುತ್ತದೆ. ಹಾಗಾಗಿ ತಾಳ ಹುಡುಕಬೇಡಿ, ಪೀಕಾಕ್ ಬೆರಳುಗಳ ಹಿಂದೆ ಹೋಗಿ. ಒಟ್ಟು ಅರ್ಧ ಗಂಟೆ ಅಷ್ಟೇ. ರಾತ್ರಿ ಬಿಸಿಲ ಝಳ ಇಳಿದ ಮೇಲೆ ಮಾಳಿಗೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ. ಮೊಬೈಲ್ ಸ್ಪೀಕರ್ ಬೇಡವೇ ಬೇಡ, ಬಾಸ್ ಪೂರ್ತಿ ಮಾಯವಾಗುತ್ತದೆ.